ಉದ್ರಿ ಪುಸ್ತಕ ಇಟ್ಟುಕೊಂಡು ಕೃಪೆಯಲ್ಲಿ ಬದುಕೋದು ಹೇಗೆ

ಗುಳೇದಗುಡ್ಡದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಎಡಕ್ಕೂ ಬಲಕ್ಕೂ ರವಿಕೆಯ ಖಣ ನೇಯುವವರ ಮನೆಗಳು. ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಮಗ್ಗದ ಸದ್ದು ಶುರುವಾಗಿರುತ್ತದೆ. ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡಿದೆ. ಬೋರ್ಡಿನ ಕೆಳಗೇ ಉದ್ರಿ ಪುಸ್ತಕವೂ ಇದೆ. ಈ ವರ್ಷದ್ದು ಅದು ಮೂರನೆಯದು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನವರು ನಮ್ಮೂರಿಗೆ ಬಂದದ್ದು 1851ರಲ್ಲಿ. ನಮ್ಮದು ತಲೆಮಾರುಗಳಿಂದ ಚರ್ಚಿಗೆ ಹೋಗುವ ಮನೆ. ‘ದೇವರ ಕೃಪೆಯಿಂದ ಆರಾಮ ಇದೀವ್ರಿ’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಆದರೆ ಆ ಕೃಪೆಗೂ ಗಲ್ಲಾಪೆಟ್ಟಿಗೆಗೂ ಏನು ಸಂಬಂಧ ಅಂತ ತಿಳಿಯಲು ನನಗೆ ಐವತ್ತು ದಾಟಬೇಕಾಯಿತು. ಮೊನ್ನೆ ನಮ್ಮ ಚರ್ಚಿನ ಸಭೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕೇಳಿದಳು: ‘ಅತ್ತಿ, ಭಾನುವಾರ ಎಲ್ಲಾ ತಿಳೀತೈತ್ರಿ. ಸೋಮವಾರ ಹೆಂಗ ನಡಕೋಬೇಕ್ರಿ?’ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳಿ. ಕೃಪೆ ಉದ್ರಿ ಅಲ್ಲ. ನಾನು ಬಹಳ ವರ್ಷ ಅದನ್ನು ಉದ್ರಿ ಅಂತಲೇ ತಿಳಿದಿದ್ದೆ. ದೇವರು ಕೊಟ್ಟಿದ್ದಾನೆ, ಉಪವಾಸ, ಪ್ರಾರ್ಥನೆ, ಕಾಣಿಕೆ ಮಾಡಿ ಸ್ವಲ್ಪ ಸ್ವಲ್ಪ ತೀರಿಸೋಣ ಅಂತ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8, 9ನೇ ವಚನ ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಬಾಯಿಪಾಠ: ರಕ್ಷಣೆ ಕೃಪೆಯಿಂದ, ನಮ್ಮ ಕೆಲಸದಿಂದಲ್ಲ. 10ನೆಯದನ್ನು ಯಾಕೋ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಒಳ್ಳೆಯ ಕೆಲಸ ಮಾಡಲೆಂದೇ ದೇವರು ನಮ್ಮನ್ನು ಉಂಟುಮಾಡಿದ ಅಂತ ಅಲ್ಲಿದೆ. ಅಂದರೆ ಊಟ ಮೊದಲು, ದುಡಿಮೆ ಆಮೇಲೆ. ಹಾಗಾಗಿ ಶಟರ್ ಎತ್ತುವ ಮುಂಚಿನ ಒಂದು ನಿಮಿಷ ನಾನು ದೇವರಲ್ಲಿ ಏನೂ ಬೇಡುವುದಿಲ್ಲ. ಆಗಲೇ ಸಿಕ್ಕಿರುವುದನ್ನು ಮಾತ್ರ ಹೇಳುತ್ತೇನೆ. ಬೇಡುವುದಕ್ಕೆ ಇಡೀ ದಿನ ಇದೆಯಲ್ಲ.

ಈಗ ಉದ್ರಿ ಪುಸ್ತಕಕ್ಕೆ ಬರುತ್ತೇನೆ. ನನ್ನ ಪರೀಕ್ಷೆ ನಡೆಯುವುದು ಅಲ್ಲೇ.

ಒಬ್ಬ ನೇಕಾರರ ಮನೆಯಾಕೆ ನಾಲ್ಕು ತಿಂಗಳಿಂದ 2,340 ರೂಪಾಯಿ ಬಾಕಿ ಇಟ್ಟಿದ್ದಳು. ಒಂದು ಸಂಜೆ ಸಕ್ಕರೆ ಕೇಳಲು ಬಂದಳು. ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು. ನಾನು ಪುಸ್ತಕ ತೆರೆದು, ಬೆರಳಿಟ್ಟು, ಜೋರಾಗಿ ಓದಿದೆ. ‘ಈ ವಾರ ಆಗಂಗಿಲ್ರಿ ಅಕ್ಕಾರ’ ಅಂದಳು. ಕೈಯಲ್ಲಿದ್ದ ಅರ್ಧ ಕೆಜಿ ಸಕ್ಕರೆ ಪೊಟ್ಟಣವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ಸೆರಗು ಸರಿಮಾಡಿಕೊಂಡು ಹೋದಳು. ಪೊಟ್ಟಣ ರಾತ್ರಿವರೆಗೂ ಅಲ್ಲೇ ಕೂತಿತ್ತು.

ಆ ವಾರ ಮನೆ ಪ್ರಾರ್ಥನೆಯಲ್ಲಿ ಓದಿದ್ದು ಬೈಬಲಿನ ಮತ್ತಾಯ 18, ಯೇಸು ಹೇಳಿದ ಒಂದು ಕಥೆ. ಒಬ್ಬ ಆಳಿಗೆ ರಾಜ ಹತ್ತು ಸಾವಿರ ತಲಾಂತು ಸಾಲ ಬಿಟ್ಟುಕೊಡುತ್ತಾನೆ. ಆ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಅಂಗಡಿಯವಳಲ್ವಾ, ಲೆಕ್ಕ ಹಾಕದೆ ಬಿಡಲಿಲ್ಲ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದರೆ ರಾಜ ಬಿಟ್ಟದ್ದು 6 ಕೋಟಿ ದಿನದ ಕೂಲಿ. ರಜೆಯಿಲ್ಲದೆ ದುಡಿದರೂ 1,60,000 ವರ್ಷಕ್ಕಿಂತ ಜಾಸ್ತಿ.

ಅದರ ಜೊತೆ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ನೂರು ದಿನದ ಕೂಲಿಯೂ ಸಣ್ಣದೇನಲ್ಲ. ಮೂರು ತಿಂಗಳ ದುಡಿಮೆ. ನಿನ್ನ ನಷ್ಟ ನಷ್ಟವೇ ಅಲ್ಲ ಅಂತ ಯೇಸು ಎಲ್ಲೂ ಹೇಳಲಿಲ್ಲ. ಇದು ನನಗೆ ದೊಡ್ಡ ಸಮಾಧಾನ ಆಯಿತು.

ಅವತ್ತಿನಿಂದ ನಾನು ಹೀಗೆ ಮಾಡುತ್ತೇನೆ. ಬಾಕಿಯನ್ನು ನಾಲ್ಕು ಜನರ ಮುಂದೆ ಕೇಳುವುದಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಒಬ್ಬರನ್ನೇ ಕರೆದು, ‘ವಾರಕ್ಕ ಎಷ್ಟ ಆಗ್ತೈತಿ?’ ಅಂತ ಕೇಳುತ್ತೇನೆ. ಅವರು 50 ಅಂದರೆ 50. ಬಿಟ್ಟುಬಿಡುವುದಾದರೆ ಅವರ ಎದುರಿಗೇ ಪುಟಕ್ಕೆ ಗೀಟು ಎಳೆಯುತ್ತೇನೆ. ಮುಂದೆ ಜಗಳ ಬಂದಾಗ ಆ ಮಾತು ಎತ್ತುವಂತಿಲ್ಲ. ಗೀಟು ಎಳೆಯುವುದು ಸುಲಭ, ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಬಿಡುವ ತಾಕತ್ತು ನಿಮಗಿಲ್ಲ ಅಂದರೆ ಅದನ್ನೂ ಬಾಯಿಬಿಟ್ಟು ಹೇಳಿ. ನಮಗೂ ಹೋಲ್‌ಸೇಲ್‌ನವರಿಗೆ ಕೊಡಬೇಕಿರುತ್ತದೆ. ಕೈಯಲ್ಲಿ ಹಣ ಇಟ್ಟುಕೊಂಡೇ ಸುಳ್ಳು ಹೇಳಿದ ಒಬ್ಬನಿಗೆ ನಾನು ಉದ್ರಿ ನಿಲ್ಲಿಸಿದ್ದೇನೆ. ಆದರೂ ಅವನು ಬಂದಾಗ ಅವನ ತಾಯಿಯ ಮಂಡಿನೋವು ಹೇಗಿದೆ ಅಂತ ಕೇಳುತ್ತೇನೆ. ಎರಡೂ ಒಟ್ಟಿಗೆ ಆಗುತ್ತದೆ.

ತೂಕದ ವಿಷಯ. ಹೊಸ ಎಲೆಕ್ಟ್ರಾನಿಕ್ ಕಾಟಾ ತಂದಾಗ ಡಬ್ಬಿಯ ತೂಕ ಕಳೆಯುವುದು ನನಗೆ ತಿಳಿದಿರಲಿಲ್ಲ. ಒಂದು ವಾರ ಎಲ್ಲರಿಗೂ ಬೇಳೆ ಸ್ವಲ್ಪ ಸ್ವಲ್ಪ ಕಡಿಮೆ ಹೋಗಿತ್ತು. ಗೊತ್ತಾದ ಮೇಲೆ ನೆನಪಿದ್ದವರಿಗೆಲ್ಲ ಹೇಳಿಯೇ ಜಾಸ್ತಿ ಹಾಕಿದೆ. ಬೈಬಲಿನಲ್ಲಿ ಸುಂಕ ವಸೂಲಿ ಮಾಡುವ ಜಕ್ಕಾಯನು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ, ನೆನಪಿದೆಯಲ್ವಾ? ಆ ಮಾತು ಅವನ ಬಾಯಲ್ಲಿ ಬಂದದ್ದು ಯೇಸು ಅವನ ಮನೆಗೆ ಇಳಿದುಕೊಳ್ಳಲು ಬಂದ ಮೇಲೆ. ಮೊದಲು ಹಣ ವಾಪಸ್ ಕೊಡು, ಆಮೇಲೆ ಬರುತ್ತೇನೆ ಅಂತ ಯೇಸು ಹೇಳಲಿಲ್ಲ.

ಬೈದದ್ದು ತಪ್ಪು ಅಂತ ತಿಳಿದರೆ, ಯಾರ ಮುಂದೆ ಬೈದಿದ್ದೀರೋ ಅವರ ಮುಂದೆಯೇ ‘ತಪ್ಪಾಯ್ತಪ್ಪ’ ಅನ್ನಿ. ಅದರ ಹಿಂದೆ ‘ಆದರೂ ನೀನು’ ಅಂತ ಬಾಲ ಹಚ್ಚಬೇಡಿ. ನಮ್ಮ ಅಂಗಡಿ ಹುಡುಗನ ಮೇಲೆ 200 ರೂಪಾಯಿ ಕಳವಿನ ಮಾತು ಹೊರಿಸಿ, ಆಮೇಲೆ ಆ ನೋಟು ನನ್ನದೇ ಲೆಕ್ಕದ ಪುಸ್ತಕದೊಳಗೆ ಸಿಕ್ಕಾಗ ಇದನ್ನು ಕಲಿತೆ.

ಕ್ಷಮೆ ಹೇಗೂ ಇದೆ, ಹಾಗಾದರೆ ಹೇಗೆ ಬೇಕಾದರೂ ಇರಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಹಳೆಯದು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅದನ್ನು ಬರೆದ ಪೌಲ ತಾನೇ ಈ ಪ್ರಶ್ನೆ ಎತ್ತಿ, ಎಂದಿಗೂ ಇಲ್ಲ ಅನ್ನುತ್ತಾನೆ.

ಕೊನೆಗೆ ಮನೆಯೊಳಗಿನದು. ಬರೆಯಲು ನಾಚಿಕೆ. ನಮ್ಮ ಅಂಗಳ ಗುಡಿಸುವಾಕೆಗೆ ಚಹಾ ಕೊಡಲು ಒಂದು ನೆಗ್ಗಿದ ಸ್ಟೀಲ್ ಕಪ್ಪು ಬೇರೆ ಇತ್ತು. ನಮ್ಮ ಅತ್ತೆಯ ಕಾಲದಿಂದ ಹಿಂದಿನ ಕಿಟಕಿಯಲ್ಲೇ ಅದರ ಜಾಗ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದಲ್ಲಿ ಎಲ್ಲರ ಜೊತೆ ಒಂದೇ ಪಾತ್ರೆಯಿಂದ ಕುಡಿದು ಬಂದ ಬಾಯಲ್ಲೇ ನಾನು ‘ಆಕೀ ಕಪ್ಪು’ ಅನ್ನುತ್ತಿದ್ದೆ. ಒಂದು ದಿನ ಮೊಮ್ಮಗ ಅದರಲ್ಲಿ ನೀರು ಕುಡಿದ. ‘ಏ, ಅದು ಆಕೀದು!’ ಅಂತ ಕೂಗಿದೆ. ಆಕೆ ಅಲ್ಲೇ ಕಸಬರಿಗೆ ಹಿಡಿದು ನಿಂತಿದ್ದಳು. ಏನೂ ಅನ್ನಲಿಲ್ಲ.

ಮರುದಿನ ಆ ಕಪ್ಪನ್ನು ನಮ್ಮ ಕಪ್ಪುಗಳ ಜೊತೆ ಸೇರಿಸಿದೆ. ಅಡುಗೆಮನೆಯಲ್ಲಿ ಇಬ್ಬರೂ ಕೂತು ಚಹಾ ಕುಡಿದೆವು. ಆಕೆ ಬಾಗಿಲ ಹತ್ತಿರವೇ, ಅರ್ಧ ಎದ್ದವಳ ಹಾಗೆ ಕೂತಿದ್ದಳು. ಒಂದೇ ದಿನಕ್ಕೆ ಸರಿಹೋಗುತ್ತದೆ ಅಂತ ನಾನು ಅಂದುಕೊಂಡದ್ದು ಸುಮ್ನೆ. ಈಗಲೂ ಒಮ್ಮೊಮ್ಮೆ ಆಕೆ ಕಪ್ಪು ತೊಳೆದು ಹಳೆಯ ಕಿಟಕಿಯಲ್ಲೇ ಇಟ್ಟು ಹೋಗುತ್ತಾಳೆ. ನಾನು ಅದನ್ನು ಒಳಗೆ ತಂದಿಡುತ್ತೇನೆ.