ಎಡಗೈ ಸ್ಟಿಕ್ಕಿನವನು ಬಲಬದಿಯಲ್ಲಿ ಆಡಿದ್ದು

ಐಸ್ ಹಾಕಿಯೆಂದರೆ ಹೆಚ್ಚಿನವರಿಗೆ ನೆನಪಾಗುವುದು ಉತ್ತರ ಅಮೆರಿಕದ ಅತ್ಯುನ್ನತ ಲೀಗಾದ ಎನ್‌ಎಚ್‌ಎಲ್‌ನ 32 ತಂಡಗಳು. ಅದರ ಕೆಳಗೆ ಎಎಚ್‌ಎಲ್, ಅದಕ್ಕೂ ಕೆಳಗೆ ಇಸಿಎಚ್‌ಎಲ್ ಎಂಬ ಲೀಗುಗಳಿವೆ. ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಕನ್ನಡದ ಮನೆಯೊಂದರಲ್ಲಿ ಬೆಳೆದ ನಾನು ಡಿಫೆನ್ಸ್‌ಮನ್ (ಎದುರಾಳಿಯ ದಾಳಿ ತಡೆಯುವ ಆಟಗಾರ) ಆಗಿ ಸಂಬಳ ಪಡೆದದ್ದು ಮೊದಲು ಈ ಎರಡು ಲೀಗುಗಳಲ್ಲಿ, ಅನಂತರ ಜರ್ಮನಿಯಲ್ಲಿ. ಗೋಲು ಹೊಡೆದು ಹೆಸರು ಮಾಡುವ ಆಟ ನನ್ನದಲ್ಲ. ಆದರೂ ಒಂದು ತಂಡ ಬಿಟ್ಟಾಗ ಇನ್ನೊಂದು ತಂಡ ಕರೆಯುತ್ತಲೇ ಬಂದದ್ದಕ್ಕೆ ಮುಖ್ಯ ಕಾರಣ, ನಾನು ಬಲಬದಿಯ ಆಟವನ್ನು ಕಲಿತದ್ದು.

ಡಿಫೆನ್ಸ್‌ಮನ್‌ಗಳು ಜೋಡಿಯಾಗಿ ಆಡುತ್ತಾರೆ. ಒಂದು ಪಂದ್ಯಕ್ಕೆ ಸಾಮಾನ್ಯವಾಗಿ 3 ಜೋಡಿ. ಸ್ಟಿಕ್ಕನ್ನು ಎಡಕ್ಕೆ ಹಿಡಿಯುವವರು ಹೆಚ್ಚು, ಬಲಕ್ಕೆ ಹಿಡಿಯುವವರು ಕಡಿಮೆಯಾದ್ದರಿಂದ ಬಲಬದಿಗೆ ಆಟಗಾರರನ್ನು ಹೊಂದಿಸುವುದು ಕೋಚ್‌ಗಳಿಗೆ ಸದಾ ಕಷ್ಟ. ನಾನು ಎಡಕ್ಕೆ ಹಿಡಿಯುವವನು. ಅಂಥವನು ಬಲಬದಿಯಲ್ಲಿ ನಿಂತರೆ ಬೋರ್ಡಿನ (ರಿಂಕ್‌ನ ಅಂಚಿನ ಗೋಡೆಯ) ಗುಂಟ ಸರಿದು ಬರುವ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಬ್ಯಾಕ್‌ಹ್ಯಾಂಡಿಗೆ (ಸ್ಟಿಕ್ಕಿನ ಹಿಂಬದಿಗೆ) ಸಿಗುತ್ತದೆ, ಅದನ್ನು ಹಿಡಿತಕ್ಕೆ ತರುವಷ್ಟರಲ್ಲಿ ಎದುರಾಳಿ ಫಾರ್ವರ್ಡ್ (ದಾಳಿಯ ಆಟಗಾರ) ಮೈಮೇಲೆ ಬಂದಿರುತ್ತಾನೆ. ಅಭ್ಯಾಸ ಮುಗಿದ ಮೇಲೆ ಸಹಾಯಕ ಕೋಚ್ ಒಬ್ಬರು ನನಗಾಗಿ ರಿಂಕ್‌ನಲ್ಲೇ ಉಳಿದು ಬೋರ್ಡಿನ ಗುಂಟ ಪಕ್‌ಗಳನ್ನು ಬಿರುಸಾಗಿ ಕಳಿಸುತ್ತಿದ್ದರು. ಸ್ಟಿಕ್ಕಿಗೆ ದಕ್ಕದ ಪಕ್ಕನ್ನು ಸ್ಕೇಟಿನಿಂದ ತಡೆದು, ಅದೇ ಉಸಿರಿನಲ್ಲಿ ಸೊಂಟ ತಿರುಗಿಸಿ ಫೋರ್‌ಹ್ಯಾಂಡಿಗೆ ತಂದುಕೊಳ್ಳುವುದನ್ನು ನಾನು ಕಲಿತದ್ದು ಹಾಗೆ. ಅವರಿಗೆ ನಾನು ಇಂದಿಗೂ ಋಣಿ. ನಮ್ಮ ಗೋಲಿನ ಹಿಂದಕ್ಕೆ ಹೋದ ಪಕ್ಕನ್ನು ತರಲು ಓಡುವಾಗ, ಅದನ್ನು ಮುಟ್ಟುವ ಮೊದಲೇ ಎರಡೂ ಹೆಗಲುಗಳಾಚೆ ನೋಡಿಕೊಳ್ಳುವುದೂ ಆಗಲೇ ರೂಢಿಯಾಯಿತು. ಪ್ರೇಕ್ಷಕರ ಕಣ್ಣಿಗೆ ಬೀಳದ ಆ ನೋಟವನ್ನು ಆಟಗಾರರನ್ನು ಆರಿಸಲು ಬಂದವರು ಮಾತ್ರ ತಪ್ಪದೆ ಗಮನಿಸುತ್ತಾರೆ.

ಇಸಿಎಚ್‌ಎಲ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಸತತ ಮೂರು ಪಂದ್ಯಗಳು ಬರುವುದುಂಟು, ನಡುವಿನ ರಾತ್ರಿಗಳು ಬಸ್ಸಿನಲ್ಲಿ ಕಳೆಯುತ್ತವೆ. ಎಎಚ್‌ಎಲ್‌ನಲ್ಲಿ ಯಾರಿಗಾದರೂ ಪೆಟ್ಟಾದರೆ ಕರೆ ಬರುತ್ತದೆ, ಸಂಜೆಯೇ ಹೊಸ ಊರಿನಲ್ಲಿ, ಅಪರಿಚಿತ ಜೊತೆಗಾರನೊಂದಿಗೆ ಆಡಬೇಕಾಗುತ್ತದೆ. ವಾರ್ಮ್‌ಅಪ್‌ಗೆ ಮೊದಲೇ ಆ ಜೊತೆಗಾರನನ್ನು ಕೇಳಿಕೊಳ್ಳುತ್ತಿದ್ದೆ: ಮೂಲೆಗೆ ಮೊದಲು ಯಾರು ಹೋಗಬೇಕು, ಪಾಸ್ ಗೋಲಿನ ಹಿಂದೆ ಬೇಕೋ ಬೋರ್ಡಿನ ಪಕ್ಕ ಬೇಕೋ, ಗೋಲಿ (ಗೋಲು ಕಾಯುವವನು) ಹೊರಬಂದು ಪಕ್ಕನ್ನು ನಿಲ್ಲಿಸಿಕೊಡುತ್ತಾನೋ ಇಲ್ಲವೋ. ಇಷ್ಟು ತಿಳಿದರೆ ಮೊದಲ ಪಂದ್ಯ ದಾಟಬಹುದು.

260ಕ್ಕೂ ಹೆಚ್ಚು ವೃತ್ತಿಪರ ಪಂದ್ಯಗಳನ್ನು ಆಡಿದವರನ್ನು ಇಸಿಎಚ್‌ಎಲ್ ವೆಟರನ್ ಎಂದು ಎಣಿಸುತ್ತದೆ. ಗೋಲಿಗಳನ್ನು ಬಿಟ್ಟರೆ ಒಂದು ತಂಡ ಅಂಥ ನಾಲ್ವರನ್ನಷ್ಟೇ ಇಟ್ಟುಕೊಳ್ಳಬಹುದು. ಎಳೆಯರಿಗೆ ದಾರಿ ಬಿಡುವ ಈ ನಿಯಮ ನ್ಯಾಯವಾದದ್ದೇ, ಆದರೆ ಆ ನಾಲ್ಕು ಜಾಗಗಳಲ್ಲಿ ಹೆಚ್ಚಿನವು ಗೋಲು ಗಳಿಸುವ ಫಾರ್ವರ್ಡ್‌ಗಳಿಗೆ ಹೋಗುತ್ತವೆ. ಹಾಗಾಗಿ ನಾನು ಜರ್ಮನಿಗೆ ಹೊರಟೆ. ಅಲ್ಲಿನ ಉನ್ನತ ಲೀಗಿನಲ್ಲಿ ಆಗ ಒಂದು ಪಂದ್ಯಕ್ಕೆ ವಿದೇಶಿ ಆಟಗಾರರು 9 ಮಂದಿ ಮಾತ್ರ. ವಿದೇಶಿ ಡಿಫೆನ್ಸ್‌ಮನ್ ಪವರ್‌ಪ್ಲೇ (ಎದುರಾಳಿಯೊಬ್ಬ ಶಿಕ್ಷೆಯಿಂದ ಹೊರಗಿದ್ದಾಗಿನ ದಾಳಿ) ನಡೆಸಿ ಪಾಯಿಂಟ್ ಗಳಿಸಬೇಕೆಂಬ ನಿರೀಕ್ಷೆಯಿರುವ ಕಡೆ ನನಗೆ ಜಾಗ ಸಿಕ್ಕಿದ್ದು ಪೆನಾಲ್ಟಿ ಕಿಲ್ಲಿಂಗ್ (ನಮ್ಮವನೊಬ್ಬ ಹಾಗೆ ಹೊರಗಿದ್ದಾಗಿನ ರಕ್ಷಣೆ) ಮತ್ತು ಬಲಬದಿಯ ಆಟದ ಬಲದಿಂದ.

ಉತ್ತರ ಅಮೆರಿಕದ ರಿಂಕ್ ಸುಮಾರು 26 ಮೀಟರ್ ಅಗಲ. ನಾನು ಜರ್ಮನಿಯಲ್ಲಿ ಆಡಿದ ರಿಂಕ್‌ಗಳು ಅದಕ್ಕಿಂತ ಅಗಲ, ಕೆಲವು 30 ಮೀಟರ್‌ವರೆಗೆ. ಆ ಹೆಚ್ಚಿನ ಅಗಲ ನನ್ನ ಆಟದ ಲೆಕ್ಕವನ್ನೇ ಬದಲಿಸಿತು. ಬೋರ್ಡಿನ ಬಳಿ ಬಂದವನನ್ನು ಮೈಕೊಟ್ಟು ತಡೆಯಲು ಹೋದರೆ ಹಿಂದೆ ಗೋಲಿನ ಮುಂಭಾಗ ಬರಿದಾಗುತ್ತದೆ. ಅಲ್ಲಿ ಅವನಿಗೆ ಅಂಚನ್ನು ಬಿಟ್ಟುಕೊಟ್ಟು, ಸ್ಟಿಕ್ಕಿನಿಂದ ಒಳಗಿನ ದಾರಿಯನ್ನಷ್ಟೇ ಮುಚ್ಚಿ, ಹಿಮ್ಮುಖವಾಗಿ ಜಾರುತ್ತ ಕಾಯಬೇಕು. ಈ ತಾಳ್ಮೆ ನನ್ನ ಕಾಲುಗಳಿಗೆ ಒಗ್ಗಲು ಮೊದಲ ಸೀಸನ್ನಿನ ಬಹುಭಾಗ ಹಿಡಿಯಿತು. ಈಗಲೂ ನನ್ನ ಒಪ್ಪಂದ ಒಂದೊಂದೇ ವರ್ಷದ್ದು. ಪ್ರತಿ ಬೇಸಿಗೆಯಲ್ಲೂ ಏಜೆಂಟ್ ತಂಡಗಳಿಗೆ ಕಳಿಸುವ ವಿಡಿಯೊದಲ್ಲಿ ಗೋಲುಗಳಿಗಿಂತ ಮೊದಲು, ನಾನು ಬಲಬದಿಯ ಮೂಲೆಯಿಂದ ಪಕ್ ಹೊರತೆಗೆದ ತುಣುಕುಗಳನ್ನೇ ಹಾಕುವಂತೆ ಹೇಳುತ್ತೇನೆ.