ಮೂವತ್ತು ಸಾವಿರದ ಕೂಪೆ, ತೊಂಬತ್ತು ಸಾವಿರದ ಕೂಪೆ: ಒಂದೇ ಟ್ರ್ಯಾಕಿನಲ್ಲಿ ತೂಗಿ ನೋಡಿದ್ದು

ಎರಡು ಬಾಗಿಲಿನ ಕೂಪೆಯಾದ ಟೊಯೊಟಾ ಜಿಆರ್ 86 ಕಾರನ್ನು ಅದೇ ಬಗೆಯ ಬಿಎಂಡಬ್ಲ್ಯು ಎಂ2 ಮತ್ತು ಪೋರ್ಷೆ 718 ಕೇಮನ್ ಜಿಟಿಎಸ್ 4.0 ಕಾರುಗಳ ಪಕ್ಕದಲ್ಲಿಟ್ಟರೆ, ಕಾಗದದ ಮೇಲೆ ಹೋಲಿಕೆ ಆರಂಭವಾಗುವ ಮುನ್ನವೇ ಮುಗಿದುಹೋಗುತ್ತದೆ. ಮೊದಲನೆಯದರ ಎಂಜಿನ್ 228 ಅಶ್ವಶಕ್ತಿಯದು. 2023ರಲ್ಲಿ ಬಂದ ಎಂ2 ಕಾರಿನದು 453, ಕೇಮನ್ ಜಿಟಿಎಸ್ ಕಾರಿನದು 394. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಟೊಯೊಟಾಗೆ ಆರು ಸೆಕೆಂಡಿನ ಆಸುಪಾಸು ಬೇಕು, ಉಳಿದೆರಡಕ್ಕೆ ನಾಲ್ಕರ ಆಸುಪಾಸು ಸಾಕು. ಬೆಲೆಯಲ್ಲೂ ಅಂಥದೇ ಅಂತರ. ಅಮೆರಿಕದ ಮಾರುಕಟ್ಟೆಗೆ ಬಂದ ಹೊಸದರಲ್ಲಿ ಜಿಆರ್ 86ರ ಮೇಲ್ದರ್ಜೆಯ ಮಾದರಿಗೆ ಸುಮಾರು 30 ಸಾವಿರ ಡಾಲರ್, ಎಂ2ಗೆ 62 ಸಾವಿರ, ಕೇಮನ್ ಜಿಟಿಎಸ್‌ಗೆ 90 ಸಾವಿರದ ಸಮೀಪ ಇತ್ತು. ಬೇಕಾದ ಸೌಲಭ್ಯಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಕೊನೆಯದು ಲಕ್ಷ ಡಾಲರ್ ದಾಟುವುದು ಕಷ್ಟವೇನಲ್ಲ. ಕಾಸಿಗೆ ತಕ್ಕ ಕಜ್ಜಾಯ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಾನು ತಿಳಿಯಬೇಕೆಂದುಕೊಂಡಿದ್ದ ಪ್ರಶ್ನೆ ಬೇರೆ: ವಾರವೆಲ್ಲ ಸ್ಯಾನ್ ಹೊಸೆಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಬಿಡುವಾದ ವಾರಾಂತ್ಯದಲ್ಲಿ ಹಣ ಕಟ್ಟಿ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ನನ್ನಂಥ ಹವ್ಯಾಸಿಗೆ, ಹೆಚ್ಚಿಗೆ ಕೊಟ್ಟ ಆ ಹಣ ಸುತ್ತಿನ ಯಾವ ಯಾವ ಜಾಗದಲ್ಲಿ ಕೈಗೆ ಸಿಗುತ್ತದೆ, ಯಾವ ಜಾಗದಲ್ಲಿ ಸಿಗುವುದಿಲ್ಲ?

ನನ್ನದು ಜಿಆರ್ 86. ಟೊಯೊಟಾ ಹೆಸರಿನಲ್ಲಿ ಮಾರಾಟವಾದರೂ ಜಪಾನಿನ ಗುನ್ಮಾ ಪ್ರಾಂತ್ಯದ ಓಟಾ ಊರಿನಲ್ಲಿರುವ ಸುಬಾರು ಕಾರ್ಖಾನೆಯಲ್ಲಿ ಅದರ ಅವಳಿ ಬಿಆರ್‌ಜೆಡ್ ಜೊತೆಗೇ ತಯಾರಾಗುವ ಕಾರು ಇದು. 2012ರಲ್ಲಿ ಬಂದ ಮೊದಲ ಪೀಳಿಗೆಯಲ್ಲಿ ಎರಡು ಲೀಟರಿನ ಎಂಜಿನ್ ಇತ್ತು; ಆಗ ಎಲ್ಲರೂ ದೂರುತ್ತಿದ್ದುದು ಎಂಜಿನ್ನಿನ ಮಧ್ಯದ ತಿರುಗುವೇಗದಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕುಸಿದು, ಓವರ್‌ಟೇಕ್ ಮಾಡುವ ಹೊತ್ತಿಗೆ ಸರಿಯಾಗಿ ಕಾರು ಉಸಿರು ಬಿಟ್ಟಂತಾಗುವುದನ್ನು. ಎರಡನೇ ಪೀಳಿಗೆಯ 2.4 ಲೀಟರ್ ಎಂಜಿನ್ ನಿಮಿಷಕ್ಕೆ 3,700 ಸುತ್ತುಗಳಲ್ಲೇ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದರಿಂದ ಆ ದೂರು ಹೆಚ್ಚುಕಡಿಮೆ ಇಲ್ಲವಾಗಿದೆ. ಎಂಜಿನ್ನಿಗೆ ಹೆಚ್ಚಿನ ಗಾಳಿ ತುಂಬುವ ಟರ್ಬೊ ಇಲ್ಲ. ತೂಕ ಸುಮಾರು 1,280 ಕಿಲೊ. ಹಿಂದಿನ ಚಕ್ರಗಳಿಗೆ, ಹಿಡಿತ ಹೆಚ್ಚಿರುವ ಚಕ್ರಕ್ಕೆ ಹೆಚ್ಚು ಬಲ ಹಾಯಿಸುವ ಟಾರ್ಸೆನ್ ಡಿಫರೆನ್ಷಿಯಲ್ ಕಾರ್ಖಾನೆಯಿಂದಲೇ ಬರುತ್ತದೆ. ಈ ಬೆಲೆಯಲ್ಲಿ ಅದು ಸಣ್ಣ ಮಾತಲ್ಲ.

ಹೋಲಿಕೆ ನಡೆದದ್ದು ಉತ್ತರ ಕ್ಯಾಲಿಫೋರ್ನಿಯಾದ ವಿಲ್ಲೋಸ್ ಊರಿನ ಪಕ್ಕದಲ್ಲಿರುವ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ. ಅಲ್ಲಿ ಸುಮಾರು ಮೂರು ಮೈಲಿ ಉದ್ದದ, 15 ತಿರುವುಗಳ ಹಾದಿಯಿದೆ. ವೇಗದ ತಿರುವು, ನಿಧಾನದ ತಿರುವು, ಆಚೆ ಬದಿ ಕಾಣದ ದಿಬ್ಬ, ಉದ್ದನೆಯ ನೇರ ಹಾದಿ ಎಲ್ಲವೂ ಇರುವುದರಿಂದ ಯಾವುದೇ ಒಂದು ಬಗೆಯ ಕಾರಿಗೆ ಪಕ್ಷಪಾತವಾಗುವುದಿಲ್ಲ. ಕೇಮನ್ ಇದ್ದದ್ದು ಮಂಡ್ಯದ ಕಡೆಯ ಗೆಳೆಯರೊಬ್ಬರ ಬಳಿ, ಎಂ2 ಇದ್ದದ್ದು ನನ್ನ ಸಹೋದ್ಯೋಗಿಯ ಬಳಿ. ಮೂರಕ್ಕೂ ಕೈಯಿಂದ ಹಾಕುವ ಆರು ಗೇರು. ಒಬ್ಬರ ಕಾರನ್ನು ಇನ್ನೊಬ್ಬರು ಟ್ರ್ಯಾಕಿನಲ್ಲಿ ಓಡಿಸುವುದು ಸಲುಗೆಯ ಮಾತು ಮಾತ್ರವಲ್ಲ, ವಿಮೆಯ ಮಾತೂ ಹೌದು. ಅದನ್ನು ಮೊದಲೇ ಕಾಗದದಲ್ಲಿ ಇತ್ಯರ್ಥ ಮಾಡಿಕೊಂಡಿದ್ದೆವು.

ಇಂಥ ಹೋಲಿಕೆಗಳು ಹಾಳಾಗುವುದು ಬಹುಮಟ್ಟಿಗೆ ಟೈರುಗಳಿಂದ. ಜಿಆರ್ 86ರ ಮೇಲ್ದರ್ಜೆಯ ಮಾದರಿಗೆ ಬರುವುದು 215 ಮಿಲಿಮೀಟರ್ ಅಗಲದ ಮಿಷೆಲಿನ್ ಪೈಲಟ್ ಸ್ಪೋರ್ಟ್ 4. ಎಂ2 ಕಾರಿಗೆ ಮುಂದೆ 275, ಹಿಂದೆ 285. ಕಾರ್ಖಾನೆಯ ಟೈರಿನಲ್ಲೇ ಓಡಿಸಿ ಅಳೆದರೆ ನಾವು ಕಾರುಗಳನ್ನಲ್ಲ, ಟೈರುಗಳನ್ನು ಹೋಲಿಸಿದಂತಾಗುತ್ತದೆ. ಆದ್ದರಿಂದ ಮೂರಕ್ಕೂ ಒಂದೇ ದರ್ಜೆಯ, 200 ಟ್ರೆಡ್‌ವೇರ್ ಅಂಕದ (ಬೇಗ ಸವೆಯುವ, ಆದರೆ ಹಿಡಿತ ಹೆಚ್ಚಿರುವ) ಟೈರುಗಳನ್ನು ಹಾಕಿದೆವು. ನನ್ನ ಕಾರಿಗೆ 17 ಇಂಚಿನ ಚಕ್ರಗಳ ಮೇಲೆ 245ರ ಅಗಲ. ಜೊತೆಗೆ ಮುಂದಿನ ಚಕ್ರಗಳ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುವ ಓರೆಯನ್ನು, ಸರಿಪಡಿಸಿಕೊಂಡಿದ್ದೆ. ಕಾರ್ಖಾನೆಯಿಂದ ಬರುವಾಗ ಅದು ಹೆಚ್ಚುಕಡಿಮೆ ಸೊನ್ನೆ ಇರುತ್ತದೆ. ಹಾಗೆಯೇ ಟ್ರ್ಯಾಕಿಗೆ ಒಯ್ದರೆ ಟೈರಿನ ಹೊರ ಅಂಚು ಸವೆದು ಹೋಗುತ್ತದೆ, ಒಳ ಅಂಚು ಹೊಸದರಂತೆಯೇ ಉಳಿಯುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿಸಿ ಎರಡು ಡಿಗ್ರಿಯ ಸಮೀಪಕ್ಕೆ ತಂದಮೇಲೆ ಕಾರಿನ ಮೂತಿ ಸ್ಟೀರಿಂಗಿನ ಮಾತು ಕೇಳತೊಡಗಿತು. ಗಾಳಿಯ ಒತ್ತಡವನ್ನು ಓಡಿಸಿ ಬಂದ ಕೂಡಲೇ, ಟೈರು ಬಿಸಿಯಿರುವಾಗಲೇ ಅಳೆದು ಇಳಿಸುತ್ತಿದ್ದೆವು. ಮೂರೂ ಕಾರುಗಳನ್ನು ಒಂದೇ ಬೆಳಿಗ್ಗೆ, ಬಿಸಿಲೇರುವ ಮೊದಲು, ಒಂದೇ ಜಿಪಿಎಸ್ ದಾಖಲೆ ಯಂತ್ರವನ್ನು ಗಾಜಿಗೆ ಅಂಟಿಸಿ ನಾನೇ ಓಡಿಸಿದೆ. ಬೇಸಿಗೆಯಲ್ಲಿ ವಿಲ್ಲೋಸ್ ಕಡೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಸಮಯವನ್ನು ಬೆಳಗಿನ ಸಮಯದ ಜೊತೆ ಹೋಲಿಸುವುದರಲ್ಲಿ ನ್ಯಾಯವಿಲ್ಲ. ಒಟ್ಟು ಸುತ್ತಿನ ಸಮಯವನ್ನು ನಾನು ಬೇಕೆಂದೇ ಬದಿಗಿಟ್ಟೆ; ಹಾದಿಯನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತಿರುವಿನ ಒಳಗಿನ ಕನಿಷ್ಠ ವೇಗವನ್ನೂ ಪ್ರತಿ ನೇರ ಹಾದಿಯ ಕೊನೆಯ ವೇಗವನ್ನೂ ಬೇರೆ ಬೇರೆಯಾಗಿ ನೋಡಿದೆ.

ಎರಡನೆಯ ತಿರುವು ಎಡಕ್ಕೆ ಅರ್ಧ ವೃತ್ತದಷ್ಟು ಹೊರಳುವ, ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು ಉದ್ದದ ತಿರುವು. ಅಲ್ಲಿ ಎಂಜಿನ್ನಿನ ಶಕ್ತಿಗೆ ಕೆಲಸವೇ ಇಲ್ಲ. ಟೈರಿನ ಹಿಡಿತವೊಂದೇ ಆಳುತ್ತದೆ. ಸಮತಟ್ಟಾದ ತಿರುವಿನಲ್ಲಿ ಕಾರು ತಡೆದುಕೊಳ್ಳಬಲ್ಲ ವೇಗ, ಹಿಡಿತ ಮತ್ತು ತಿರುವಿನ ತ್ರಿಜ್ಯವನ್ನು ಅವಲಂಬಿಸಿರುತ್ತದೆಯೇ ಹೊರತು ತೂಕವನ್ನಲ್ಲ ಎಂದು ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದೇವೆ. ವಾಸ್ತವದಲ್ಲಿ ರಬ್ಬರು ಅಷ್ಟು ಶಿಸ್ತಿನ ವಸ್ತುವಲ್ಲ. ಹೊರೆ ಹೆಚ್ಚಾದಂತೆ ಅದರ ಹಿಡಿತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವಾದ್ದರಿಂದ ಭಾರದ ಕಾರು ದಂಡ ತೆರಬೇಕಾಗುತ್ತದೆ, ಎಂ2 ಆ ದಂಡವನ್ನು ಅಗಲ ಟೈರಿನಿಂದ ತೀರಿಸುತ್ತದೆ. ದಾಖಲೆ ಯಂತ್ರದಲ್ಲಿ ಮೂರರ ವೇಗದ ಗೆರೆಗಳನ್ನು ಒಂದರ ಮೇಲೊಂದು ಹಾಕಿದಾಗ ಈ ತಿರುವಿನ ನಡುವೆ ಅವುಗಳ ನಡುವಿನ ಅಂತರ ಗಂಟೆಗೆ ಎರಡು ಮೂರು ಮೈಲಿಯಷ್ಟೇ ಇತ್ತು. ಕೇಮನ್ ಮುಂದೆ, ಉಳಿದೆರಡು ಒಟ್ಟೊಟ್ಟಿಗೆ. ಅರವತ್ತು ಸಾವಿರ ಡಾಲರುಗಳ ವ್ಯತ್ಯಾಸ ಆ ಗೆರೆಗಳ ನಡುವೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಬೇಕಾಯಿತು.

ತಿರುವು ಮುಗಿದು ಹಾದಿ ನೆಟ್ಟಗಾದ ಕೂಡಲೇ ಗೆರೆಗಳು ಬಿಚ್ಚಿಕೊಳ್ಳುತ್ತವೆ. ಮುಖ್ಯ ನೇರ ಹಾದಿಯ ಕೊನೆಯಲ್ಲಿ ನನ್ನ ಕಾರು ಗಂಟೆಗೆ 115 ಮೈಲಿಯ ಸಮೀಪ ಇದ್ದರೆ ಎಂ2 130ರ ಸಮೀಪ ಇರುತ್ತಿತ್ತು. ಸುತ್ತಿನ ಸಮಯದಲ್ಲಿ ಜಿಆರ್ 86 ಕಳೆದುಕೊಳ್ಳುವುದೆಲ್ಲ ಹೆಚ್ಚುಕಡಿಮೆ ಇಲ್ಲೇ, ಬಲಗಾಲನ್ನು ಪೂರ್ತಿ ಒತ್ತಿಹಿಡಿದು ಕೂರುವುದನ್ನು ಬಿಟ್ಟು ಚಾಲಕನಿಗೆ ಬೇರೆ ಕೆಲಸವೇ ಇಲ್ಲದ ಜಾಗಗಳಲ್ಲಿ. ಇದು ನನಗೆ ಮುಖ್ಯವಾಗಿ ಕಂಡಿತು. ದುಬಾರಿ ಕಾರಿನ ಹಣದ ದೊಡ್ಡ ಪಾಲು, ಕಲಿಯಲು ಏನೂ ಇಲ್ಲದ ಕಡೆ ಖರ್ಚಾಗುತ್ತದೆ.

ಬ್ರೇಕಿನ ಲೆಕ್ಕ ಇದಕ್ಕಿಂತ ಕುತೂಹಲದ್ದು. ಎಂ2 ಅಮೆರಿಕದ ಅಳತೆಯಲ್ಲಿ ಸುಮಾರು 1,730 ಕಿಲೊ ತೂಗುತ್ತದೆ. ಚಾಲಕನನ್ನೂ ಸೇರಿಸಿ ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಅದು ಹೊತ್ತಿರುವ ಚಲನಶಕ್ತಿ ಸುಮಾರು 31 ಲಕ್ಷ ಜೂಲ್. ಜಿಆರ್ 86 ತನ್ನ 185 ಕಿಲೋಮೀಟರ್ ವೇಗದಲ್ಲಿ ಹೊತ್ತಿರುವುದು 18 ಲಕ್ಷ. ಮೊದಲನೆಯ ತಿರುವಿಗೆ ಮುನ್ನ ಇದರಲ್ಲಿ ದೊಡ್ಡ ಪಾಲು ಬ್ರೇಕಿನ ಡಿಸ್ಕುಗಳಲ್ಲಿ ಶಾಖವಾಗಬೇಕು, ಅದೂ ಪ್ರತಿ ಸುತ್ತಿನಲ್ಲಿ. ಎಂ2 ಕಾರಿನ ಬ್ರೇಕುಗಳು ಗಾತ್ರದಲ್ಲಿ ದೊಡ್ಡವು, ಆದರೆ ಅವುಗಳ ಮೇಲಿನ ಹೊರೆಯೂ ಅಷ್ಟೇ ದೊಡ್ಡದು. ಕೆಲವು ಸುತ್ತುಗಳಾದ ಮೇಲೆ ಪೆಡಲು ಮೊದಲಿಗಿಂತ ಸ್ವಲ್ಪ ಕೆಳಗೆ ಹೋಗುವುದು ಕಾಲಿಗೆ ಗೊತ್ತಾಗುತ್ತಿತ್ತು, ಆಗ ಒಂದು ಸುತ್ತು ಮೆಲ್ಲಗೆ ಓಡಿಸಿ ತಣಿಸಬೇಕಾಗುತ್ತಿತ್ತು. ನನ್ನ ಕಾರಿನ ಕಾರ್ಖಾನೆಯ ಪ್ಯಾಡುಗಳು ಇನ್ನೂ ಬೇಗ ಸೋಲುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಟ್ರ್ಯಾಕಿಗೆಂದೇ ಮಾಡಿದ ಪ್ಯಾಡುಗಳನ್ನೂ ಹೆಚ್ಚಿನ ಕುದಿಬಿಂದುವಿನ ಬ್ರೇಕ್ ಆಯಿಲನ್ನೂ ಹಾಕಿದರೆ ಮುಗಿಯಿತು. ಡಿಸ್ಕು, ಕ್ಯಾಲಿಪರ್ ಯಾವುದನ್ನೂ ಬದಲಿಸದೆ ಬೆಳಗಿನಿಂದ ಸಂಜೆಯವರೆಗೆ ಪೆಡಲು ಒಂದೇ ಎತ್ತರದಲ್ಲಿರುತ್ತದೆ. ಹಗುರವಾಗಿರುವುದರ ಲಾಭ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಎಂಜಿನ್ ಆಯಿಲಿನ ಬಿಸಿಯ ಮೇಲೆ ಮಾತ್ರ ಕಣ್ಣಿಟ್ಟಿರಬೇಕು. ಟ್ರ್ಯಾಕ್ ಮೋಡ್ ಹಾಕಿದರೆ ಎದುರಿನ ಪರದೆಯಲ್ಲೇ ಅದರ ಅಂಕಿ ಬರುತ್ತದೆ. ಅಂಕಿ ಏರತೊಡಗಿದಾಗ ನಾನು ಒಂದು ಗೇರು ಮೇಲೆ ಹಾಕಿ ಅರ್ಧ ಸುತ್ತು ಸುಮ್ಮನಿರುತ್ತೇನೆ.

ಕೇಮನ್ ವಿಷಯಕ್ಕೆ ಬಂದರೆ, ಅಗ್ಗದ ಕಾರಿನ ಪರ ವಕಾಲತ್ತು ವಹಿಸುವ ಉತ್ಸಾಹ ನನ್ನಲ್ಲಿ ಇಳಿಯುತ್ತದೆ. ಎಂಜಿನ್ ಚಾಲಕನ ಬೆನ್ನ ಹಿಂದೆಯೇ ಇರುವುದರಿಂದ ಈ ಕಾರು ತನ್ನ ನಡುವನ್ನೇ ಅಕ್ಷ ಮಾಡಿಕೊಂಡು ತಿರುಗುತ್ತದೆ. ಐದನೆಯ ತಿರುವು ದಿಬ್ಬ ಹತ್ತಿ, ನೆತ್ತಿಯಲ್ಲಿ ಹೊರಳಿ, ಆಚೆ ಬದಿ ಏನಿದೆಯೆಂದು ಕಾಣುವ ಮುನ್ನವೇ ಇಳಿಯುವ ಜಾಗ. ಅಲ್ಲಿ ನನ್ನ ಕಾರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಒಂದು ಕ್ಷಣ ಸ್ಟೀರಿಂಗಿಗೆ ಉತ್ತರವೇ ಬರುವುದಿಲ್ಲ, ಕೇಮನ್‌ನಲ್ಲಿ ಆ ಕ್ಷಣದಲ್ಲೂ ರಸ್ತೆಯ ಸುದ್ದಿ ಅಂಗೈಗೆ ಬರುತ್ತಲೇ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ಗೆಳೆಯರು, “ನೀವಿನ್ನೂ ನಿಮ್ಮ ಕಾರಿನ ಜಾಗದಲ್ಲೇ ಬ್ರೇಕ್ ಹಿಡೀತಾ ಇದ್ದೀರಿ ಸಾರ್, ಇದಕ್ಕೆ ಅಷ್ಟು ಬೇಗ ಬ್ರೇಕ್ ಬೇಕಾಗಲ್ಲ” ಎಂದರು. ಅವರು ಹೇಳಿದ ಗುರುತಿನವರೆಗೆ ಕಾದು ಬ್ರೇಕ್ ಒತ್ತಿದಾಗ ಕಾರು ಅಲುಗಾಡದೆ ನೆಲಕ್ಕೆ ಕಚ್ಚಿಕೊಂಡು ನಿಧಾನವಾಯಿತು. ಹೆಚ್ಚಿನ ಹಣದಲ್ಲಿ ನಿಜವಾಗಿ ಬೆಲೆಬಾಳುವ ಭಾಗ ಯಾವುದೆಂದು ಕೇಳಿದರೆ ನಾನು ಬೆರಳು ಮಾಡುವುದು ಇದರ ಕಡೆಗೇ ಹೊರತು 394 ಅಶ್ವಶಕ್ತಿಯ ಕಡೆಗಲ್ಲ.

ಅಷ್ಟಾದರೂ ಕೇಮನ್‌ನಲ್ಲಿ ನನಗೊಂದು ತಕರಾರಿದೆ. ಅದರ ಗೇರುಗಳು ವಿಪರೀತ ಉದ್ದ. ಎರಡನೇ ಗೇರಿನಲ್ಲೇ ಗಂಟೆಗೆ 80 ಮೈಲಿ ದಾಟುತ್ತದೆ. ನನ್ನ ಕಾರಿನಲ್ಲಿ ಎರಡನೆಯದು 60ರ ಆಸುಪಾಸಿಗೆ ಮುಗಿಯುತ್ತದೆ. ನಿಮಿಷಕ್ಕೆ 7,800 ಸುತ್ತಿನವರೆಗೆ ಏರುವ, ಟರ್ಬೊ ಇಲ್ಲದ, ಅಷ್ಟು ಚೆಂದದ ನಾಲ್ಕು ಲೀಟರ್ ಆರು ಸಿಲಿಂಡರಿನ ಎಂಜಿನ್ನನ್ನು ಕೊಟ್ಟು, ಥಂಡರ್‌ಹಿಲ್ ಸುತ್ತಿನ ಬಹುಭಾಗವನ್ನು ಮೂರನೇ ಗೇರೊಂದರಲ್ಲೇ ಕಳೆಯುವಂತೆ ಮಾಡಿದ್ದಾರೆ. ಸಾಮಾನ್ಯ ರಸ್ತೆಯಲ್ಲಂತೂ ಎರಡನೇ ಗೇರಿನ ತುದಿ ಮುಟ್ಟುವ ಮೊದಲೇ ಪೊಲೀಸರಿಗೆ ಉತ್ತರ ಕೊಡಬೇಕಾಗುತ್ತದೆ. ಜಿಆರ್ 86ರಲ್ಲಿ ಎಡಗಾಲಿಗೂ ಬಲಗೈಗೂ ಬಿಡುವಿಲ್ಲದ ಕೆಲಸ, ಮತ್ತು ಆ ಕೆಲಸಕ್ಕಾಗಿಯೇ ನಾನು ಟ್ರ್ಯಾಕಿಗೆ ಹೋಗುವುದು.

ಖರ್ಚಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಎಂ2 ಕಾರಿನ 19 ಮತ್ತು 20 ಇಂಚಿನ ನಾಲ್ಕು ಟೈರುಗಳಿಗೆ ಕೊಡುವ ಹಣ ನನ್ನ 17 ಇಂಚಿನ ನಾಲ್ಕಕ್ಕೆ ಕೊಡುವುದರ ಒಂದೂವರೆ ಪಟ್ಟಿಗೂ ಹೆಚ್ಚು, ಸವೆಯುವುದೂ ಬೇಗ. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ವಿಮೆಯನ್ನು. ಮಾಮೂಲು ವಾಹನ ವಿಮೆ ಸಾಮಾನ್ಯವಾಗಿ ಟ್ರ್ಯಾಕಿನಲ್ಲಾದ ನಷ್ಟವನ್ನು ಭರಿಸುವುದಿಲ್ಲ. ಆ ಒಂದು ದಿನಕ್ಕೆಂದು ಬೇರೆಯೇ ವಿಮೆ ಕೊಳ್ಳಬೇಕು, ಅದರ ಕಂತು ಕಾರಿನ ಬೆಲೆಗೆ ತಕ್ಕಂತೆ ಏರುತ್ತದೆ, ಅಪಘಾತವಾದರೆ ನಾವು ಕೈಯಿಂದ ಹಾಕಬೇಕಾದ ಪಾಲೂ ಹಾಗೆಯೇ. ಕೇಮನ್ ಓಡಿಸುವಾಗ ಈ ಅಂಕಿ ತಲೆಯ ಹಿಂಭಾಗದಲ್ಲಿ ಕೂತೇ ಇತ್ತು. ಎಡಕ್ಕೆ ರಭಸದಿಂದ ಹೊರಳುವ ಎಂಟನೆಯ ತಿರುವಿನಲ್ಲಿ ಆ ಕಾರಿಗೆ ಇನ್ನೂ ಎಷ್ಟೋ ತಾಕತ್ತು ಉಳಿದಿದೆ ಎಂದು ಗೊತ್ತಿದ್ದೂ ನಾನು ಕಾಲು ಎತ್ತುತ್ತಿದ್ದೆ, ನನ್ನದರಲ್ಲಿ ಎತ್ತುವುದಿಲ್ಲ. ಇನ್ನು ಅಮೆರಿಕದಲ್ಲಿ ಹೊಸ ಜಿಆರ್ 86 ಕೊಂಡವರಿಗೆ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ನಿನ ಒಂದು ವರ್ಷದ ಸದಸ್ಯತ್ವವೂ ಅದರ ಟ್ರ್ಯಾಕ್ ತರಬೇತಿಗೆ ಒಮ್ಮೆ ಉಚಿತ ಪ್ರವೇಶವೂ ಸಿಗುತ್ತದೆ. ಎಷ್ಟೋ ಮಂದಿ ಅದನ್ನು ಬಳಸದೆಯೇ ಬಿಡುತ್ತಾರೆ.

ಬೆಂಗಳೂರಿನ ಗೆಳೆಯರು ಈ ಲೆಕ್ಕವನ್ನೆಲ್ಲ ಕೇಳಿ, ಹಾಗಾದರೆ ಇಲ್ಲೂ ಒಂದು ಕೊಳ್ಳಬಹುದೇ ಎನ್ನುತ್ತಾರೆ. ಜಿಆರ್ 86 ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಆಮದು ಸುಂಕ ಕಟ್ಟಿ ತರಿಸಿದರೂ ಅದು ಅಗ್ಗದ ಕಾರಾಗಿ ಉಳಿಯುವುದಿಲ್ಲ, ಹಾಗಾಗಿ ಈ ಹೋಲಿಕೆಯ ತಳಹದಿಯೇ ಅಲ್ಲಿ ಕುಸಿಯುತ್ತದೆ.

ಹೆದ್ದಾರಿಯಲ್ಲಿ ಮೂರು ತಾಸು ಕೂತು ಮನೆಗೆ ಮರಳುವಾಗ ಜಿಆರ್ 86 ಸುಖದ ಕಾರಲ್ಲ. ಟೈರಿನ ಸದ್ದು ಒಳಗೆಲ್ಲ ತುಂಬಿಕೊಳ್ಳುತ್ತದೆ, ಎಂ2 ಅದರ ಪಕ್ಕದಲ್ಲಿ ದಿವಾನಖಾನೆ. ಆದರೆ ಹಿಂದಿನ ಸೀಟನ್ನು ಮಡಚಿದರೆ ನಾಲ್ಕು ಟ್ರ್ಯಾಕ್ ಚಕ್ರಗಳೂ ಜಾಕೂ ಸಲಕರಣೆ ಪೆಟ್ಟಿಗೆಯೂ ಒಳಗೆ ಹಿಡಿಯುತ್ತವೆ. ಮಾಮೂಲು ಟೈರಿನಲ್ಲಿ ಹೋಗಿ, ಅಲ್ಲಿ ಬದಲಿಸಿ, ಸಂಜೆ ಮತ್ತೆ ಹಾಕಿಕೊಂಡು ಬರಬಹುದು. ಕೇಮನ್‌ನಲ್ಲಿ ಅಷ್ಟು ಜಾಗವಿಲ್ಲ; ಅದರ ಒಡೆಯರಾದ ಮಂಡ್ಯದ ಗೆಳೆಯರು ಮಳೆಯಲ್ಲೂ ಟ್ರ್ಯಾಕಿನ ಟೈರಿನಲ್ಲೇ ಅಷ್ಟು ದೂರ ಬರಬೇಕು, ಇಲ್ಲವೇ ಟ್ರೈಲರ್ ಬಾಡಿಗೆಗೆ ಹಿಡಿಯಬೇಕು. ಈಚೆಗೆ ಅವರ ಬಿಡಿ ಚಕ್ರಗಳನ್ನೂ ನನ್ನ ಕಾರಿನಲ್ಲೇ ಹೇರಿಕೊಂಡು ಹೋಗಲಾದೀತೇ ಎಂದು ವಿಚಾರಿಸಿದ್ದರು. ಅಳೆದು ನೋಡಿದೆ, ಎಂಟು ಹಿಡಿಯುವುದಿಲ್ಲ.