ಪಾಯಿಂಟ್ ಕಿತ್ತು ಮಾಡ್ಯೂಲ್ ಕೂರಿಸಿದ್ದು

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವ ದಾರಿಯಲ್ಲಿದೆ. ಮದ್ದು ಹೊಡೆಯುವ ಎಂಜಿನ್ ಅಪ್ಪನ ಕಾಲದ್ದು. ಹಗ್ಗ ಸುತ್ತಿ ಎಳೆಯುವ, ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್. ಆಗ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು, ಈಗ ಪೂರ್ತಿ ಪೆಟ್ರೋಲೇ. ವರ್ಷಕ್ಕೆ ಅದಕ್ಕೆ ಎರಡೇ ಸಲ ಕೆಲಸ: ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಕರಿಮೆಣಸಿಗೆ ಶೇಕಡಾ 1ರ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು), ಮಳೆ ಬಿಟ್ಟ ಮೇಲೆ ಇನ್ನೊಮ್ಮೆ. ನಡುವೆ ಮೂರು ತಿಂಗಳು ತಗಡಿನ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ. ಗೋಣಿಚೀಲಕ್ಕೇ ಬೂಷ್ಟು ಬರುವ ಆ ಮಳೆಯಲ್ಲಿ ಪಾಯಿಂಟಿನ, ಅಂದರೆ ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಮುಚ್ಚಿ ತೆರೆಯುವ ಪುಟ್ಟ ಸ್ವಿಚ್ಚಿನ, ಗತಿ ಕೇಳಬೇಕೇ?

ಪ್ರತಿ ವರ್ಷ ಸೆಪ್ಟೆಂಬರಿನ ಕೈಲ್‌ಮುಹೂರ್ತ ಹಬ್ಬ ಕಳೆದು ಎಂಜಿನ್ ಹೊರಗೆ ತೆಗೆದರೆ ಅದೇ ಕಥೆ. ಹತ್ತು ಸಲ ಎಳೆದು ಬೆವರಿದ ಮೇಲೆ ನಮ್ಮ ಕೆಲಸದ ಹುಡುಗ ಪ್ಲಗ್ ಬಿಚ್ಚಿ ಸಿಲಿಂಡರಿಗೆ ತಾಗಿಸಿ ಹಿಡಿದು, "ಅಣ್ಣಾ, ಕರೆಂಟೇ ಬರ್ತಿಲ್ಲ" ಅನ್ನುತ್ತಿದ್ದ. ಆಮೇಲೆ ಪುಲ್ಲರ್ ಹಾಕಿ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕಳಚುವುದು, ಅದರಡಿಯ ಪಾಯಿಂಟನ್ನು ಪಾಲಿಷ್ ಪೇಪರಿನಲ್ಲಿ ತಿಕ್ಕುವುದು, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಗ್ಯಾಪ್ ಇಡುವುದು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಕಲಸಿಟ್ಟ ಬೋರ್ಡೋ ಅಷ್ಟು ಹೊತ್ತು ಡ್ರಮ್ಮಿನಲ್ಲಿ ತಳ ಹಿಡಿಯುತ್ತಿತ್ತು, ಆಳುಗಳು ಮರದಡಿ ಎಲೆಅಡಿಕೆ ಹಾಕುತ್ತ ಕೂತಿರುತ್ತಿದ್ದರು.

ಪಾಯಿಂಟ್ ಕೆಟ್ಟ ವಸ್ತುವೇನಲ್ಲ. ಫ್ಲೈವೀಲಿನ ಅಯಸ್ಕಾಂತ ಕಾಯಿಲ್ ಮುಂದೆ ಹಾಯುವಾಗ ಕಾಯಿಲಿನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಹುಟ್ಟಿ, ಮುಚ್ಚಿರುವ ಪಾಯಿಂಟಿನ ಮೂಲಕ ಹರಿಯುತ್ತದೆ. ಅದು ಜೋರಾಗಿರುವ ಹೊತ್ತಿಗೆ ಕ್ಯಾಮ್ (ಶಾಫ್ಟಿನ ಮೇಲಿನ ಉಬ್ಬು) ಪಾಯಿಂಟನ್ನು ತೆರೆಯುತ್ತದೆ. ಹರಿವು ಫಟ್ಟನೆ ನಿಂತಾಗ ಸಣ್ಣ ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿಹೋಗದ ಹಾಗೆ ನೋಡಿಕೊಳ್ಳುವುದು ಕಂಡೆನ್ಸರ್. ಇಷ್ಟೂ ನಡೆಯುವುದು ಉದ್ದಿನಕಾಳಿನಷ್ಟು ದೊಡ್ಡ ಎರಡು ಲೋಹದ ಬೊಟ್ಟುಗಳು ಸರಿಯಾಗಿ ತಾಗಿದರೆ ಮಾತ್ರ. ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕೂತರೂ ಸಾಕು, ಕೆಲಸ ಕೆಟ್ಟಿತು. ನಮ್ಮಲ್ಲಿ ತೇವದ ಜೊತೆಗೆ ಮೈಲುತುತ್ತಿನ ಮಂಜೂ ಸೇರುತ್ತದೆ.

ಎರಡು ತಂತಿಯ ಒಂದು ಟ್ರಿಗರ್ ಮಾಡ್ಯೂಲ್ ತರಿಸಿದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಪಾಯಿಂಟ್ ಮಾಡುವ ಕೆಲಸವನ್ನು ಅದರೊಳಗಿನ ಟ್ರಾನ್ಸಿಸ್ಟರ್ ಮಾಡುತ್ತದೆ. ಹಳೆಯ ಕಾಯಿಲ್ ಹಾಗೇ ಇರುತ್ತದೆ, ಬ್ಯಾಟರಿ ಬೇಡ. ಫ್ಲೈವೀಲ್ ಕಳಚಿ, ಪಾಯಿಂಟಿಗೂ ಕಂಡೆನ್ಸರಿಗೂ ಹೋಗುವ ತಂತಿ ಬಿಡಿಸಿ, ಕಾಯಿಲಿನ ಆ ತುದಿಯನ್ನು ಹೊರಗೆ ತಂದು ಮಾಡ್ಯೂಲಿನ ಒಂದು ತಂತಿಗೆ ಬೆಸೆದೆ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ತಂತಿಯೂ ಅಲ್ಲಿಗೇ. ಇನ್ನೊಂದು ತಂತಿ ಅರ್ತ್‌ಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ. ಕಂಡೆನ್ಸರನ್ನು ಮರೆತು ಜೋಡಿಸಿದ ಹಾಗೇ ಬಿಡಬಾರದು. ಮಾಡ್ಯೂಲನ್ನು ಫ್ಲೈವೀಲಿನೊಳಗೆ ತುರುಕದೆ, ಗಾಳಿ ಆಡುವ ಹಾಗೆ ಬ್ಲೋವರ್ ಕವಚದ ಹೊರಗೆ ಕೂರಿಸಿದೆ. ಬಿಸಿ ಅದಕ್ಕೆ ಆಗುವುದಿಲ್ಲ.

ಎಳೆದೆ, ಕಿಡಿ ಇಲ್ಲ. 700 ರೂಪಾಯಿ ನೀರಿಗೆ ಹೋಯಿತು ಅಂದುಕೊಂಡೆ. ರಾತ್ರಿ ಮಲಗಿದಾಗ ಹೊಳೆಯಿತು: ಅಯಸ್ಕಾಂತದ ಉತ್ತರ ದಕ್ಷಿಣ ಎಂಜಿನ್ನಿಂದ ಎಂಜಿನ್ನಿಗೆ ಬೇರೆ, ಟ್ರಾನ್ಸಿಸ್ಟರಿಗೋ ಕರೆಂಟ್ ಒಂದೇ ದಿಕ್ಕಿನಲ್ಲಿ ಬೇಕು. ಪಾಯಿಂಟಿಗೆ ಆ ಗೊಡವೆ ಇರಲಿಲ್ಲ. ಬೆಳಿಗ್ಗೆ ಕಾಫಿಗೂ ಮೊದಲು ಎರಡು ತಂತಿ ಅದಲುಬದಲು ಮಾಡಿದೆ. ಎರಡನೇ ಎಳೆತಕ್ಕೆ ನೀಲಿ ಕಿಡಿ, ಚಟ್ ಚಟ್ ಅಂತ ಸದ್ದು ಕೇಳುವಷ್ಟು.

ಎಂಜಿನ್ ಚೆನ್ನಾಗಿಯೇ ಓಡಿತು. ಆದರೆ ಮದ್ದು ಹೊಡೆಯಲು ಹೋದಾಗ, ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯ ತುದಿಗೆ ಗನ್ನಿನ ನೀರು ಮುಟ್ಟುತ್ತಿರಲಿಲ್ಲ. ಹಿಂದಿನ ವರ್ಷ ಅದೇ ಮರಕ್ಕೆ ಅದೇ ಗನ್ನು ಮುಟ್ಟಿಸಿತ್ತು. ಬೆಲ್ಟ್ ಬಿಗಿ ಮಾಡಿದೆ, ಪಂಪಿನ ವಾಲ್ವ್ ತೊಳೆದೆ, ಪ್ರಯೋಜನವಾಗಲಿಲ್ಲ. ಸೈಲೆನ್ಸರ್ ಮಾತ್ರ ಮಾಮೂಲಿಗಿಂತ ಬಿಸಿ.

ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬಿದ್ದಿತ್ತು. ಪಾಯಿಂಟ್ ಇದ್ದಾಗ ಕಿಡಿಯ ಗಳಿಗೆ ಕ್ಯಾಮ್ ಹೇಳಿದ್ದು. ಮಾಡ್ಯೂಲ್ ಇದ್ದಾಗ ಅದು ಅಯಸ್ಕಾಂತ ಕಾಯಿಲಿನ ಎದುರು ಯಾವಾಗ ಬರುತ್ತದೆ ಅನ್ನುವುದರ ಮೇಲೆ. ಎರಡೂ ಒಂದೇ ಆಗಬೇಕೆಂದಿಲ್ಲ. ಪಾಯಿಂಟ್ ತೆರೆಯುತ್ತಿದ್ದ ಜಾಗಕ್ಕೆ ಫ್ಲೈವೀಲಿನ ಮೇಲೂ ಅದರೆದುರು ಕವಚದ ಮೇಲೂ ಮೊದಲೇ ಸುಣ್ಣದ ಗೆರೆ ಹಾಕಿಟ್ಟಿದ್ದೆ. ಮಾಡಿದ ಬುದ್ಧಿವಂತಿಕೆ ಅದೊಂದೇ. ಸುಂಟಿಕೊಪ್ಪದ ಮೆಕ್ಯಾನಿಕ್ ಒಬ್ಬರ ಹತ್ತಿರ ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಕೇಳಿ ತಂದು, ಜೀಪಿನ ಬ್ಯಾಟರಿಗೆ ಕಚ್ಚಿಸಿ ನೋಡಿದರೆ, ಫ್ಲೈವೀಲಿನ ಗೆರೆ ಕವಚದ ಗೆರೆಯನ್ನು ದಾಟಿ 7 ಮಿಲಿಮೀಟರ್ ಹೋದ ಮೇಲೆ ಬೆಳಕು ಮಿಂಚುತ್ತಿತ್ತು. ನನ್ನ ಫ್ಲೈವೀಲಿನ ವ್ಯಾಸ 200 ಮಿಲಿಮೀಟರ್, ಅಂದರೆ ಸುತ್ತಳತೆ ಸುಮಾರು 628; ಒಂದು ಡಿಗ್ರಿಗೆ 1.74. ಹತ್ತಿರಹತ್ತಿರ 4 ಡಿಗ್ರಿ ತಡ.

ಪುಣ್ಯಕ್ಕೆ ಕಾಯಿಲ್ ಕೂತ ತಟ್ಟೆಯ ಸ್ಕ್ರೂ ತೂತುಗಳು ಉದ್ದುದ್ದ ಇದ್ದವು. ಫ್ಲೈವೀಲ್ ತಿರುಗುವುದರ ಎದುರು ದಿಕ್ಕಿಗೆ ತಟ್ಟೆಯನ್ನು ಸ್ವಲ್ಪ ಸರಿಸಿದರೆ ಕಿಡಿ ಬೇಗ ಬರುತ್ತದೆ. ಮೂರು ಸಲ ಫ್ಲೈವೀಲ್ ಬಿಚ್ಚಿ ಕಟ್ಟಿ ಗೆರೆಗೆ ಗೆರೆ ಕೂಡಿಸಿದೆ. ಮಧ್ಯಾಹ್ನ ಅದೇ ಓಕ್ ಮರದ ಹತ್ತಿರ ಹೋದೆವು. ಬಳ್ಳಿಯ ತುದಿಯೆಲೆ ನೀಲಿಯಾಯಿತು, ಕೆಳಗೆ ನಿಂತಿದ್ದ ನನ್ನ ಟೊಪ್ಪಿಯೂ.

ಮುಂದಿನ ಮಳೆಗಾಲ ಕಳೆದು ಹೊರತೆಗೆದಾಗ ನಾಲ್ಕನೇ ಎಳೆತಕ್ಕೆ ಹತ್ತಿಕೊಂಡಿತು. ಹಗ್ಗವನ್ನು ಮೆಲ್ಲಗೆ ಎಳೆದರೆ ಮಾತ್ರ ಈಗ ಏಳುವುದಿಲ್ಲ. ಒಂದಷ್ಟು ವೇಗ ಸಿಗದೆ ಟ್ರಾನ್ಸಿಸ್ಟರ್ ಎಚ್ಚರವಾಗುವುದಿಲ್ಲ, ನಮ್ಮ ಅಯಸ್ಕಾಂತಕ್ಕೂ ವಯಸ್ಸಾಗಿದೆ. ದಿನಾ ಓಡುವ ಎಂಜಿನ್ನಾಗಿದ್ದರೆ ನಾನು ಈ ಗೋಜಿಗೆ ಹೋಗುತ್ತಿರಲಿಲ್ಲ. ಓಡುತ್ತಿದ್ದರೆ ಪಾಯಿಂಟ್ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ.

ಆಮೇಲಿನ ವರ್ಷ ಹುಡುಗ ಮತ್ತೆ "ಅಣ್ಣಾ, ಕರೆಂಟಿಲ್ಲ" ಅಂದ. ಎದೆ ಧಸಕ್ಕೆಂದಿತು. ನೋಡಿದರೆ ಮಾಡ್ಯೂಲಿನದ್ದೇನೂ ತಪ್ಪಿಲ್ಲ, ಅರ್ತ್ ಬೋಲ್ಟಿನ ಕೆಳಗೆ ಹಸಿರು ಕಿಲುಬು. ಕವಚದ ಬಣ್ಣವನ್ನು ಕೆರೆಯದೆ ಬೋಲ್ಟ್ ಬಿಗಿದಿದ್ದವನು ನಾನೇ. ಬ್ಲೇಡಿನಲ್ಲಿ ಬೆಳ್ಳಗೆ ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ, ಬಿಗಿದ ಮೇಲೆ ಗ್ರೀಸ್ ಮೆತ್ತಿದೆ. ಹಳೆಯ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಎಣ್ಣೆಬಟ್ಟೆ ಸುತ್ತಿ ಇಟ್ಟಿದ್ದೇನೆ. ಕವಚದ ಒಳಮೈಗೆ ಹಳೆಯ ತಂತಿಯ ದಾರಿಯನ್ನು ಪೇಂಟಿನಲ್ಲಿ ಬರೆದೂ ಇಟ್ಟಿದ್ದೇನೆ, ಮದ್ದಿನ ಮಧ್ಯೆ ಮಾಡ್ಯೂಲ್ ಕೈಕೊಟ್ಟರೆ ಹುಡುಗನೇ ಜೋಡಿಸಿಕೊಳ್ಳಲಿ ಅಂತ.